ಸ್ವಿಂಗ್ ವೇಗ ನೋಡಿ ಗಾಲ್ಫ್ ಚೆಂಡು ಕೊಳ್ಳಬೇಕೆ? ಸ್ರಿಕ್ಸನ್ ಕ್ಯೂ-ಸ್ಟಾರ್ ಟೂರ್, ದೀರ್ಘಕಾಲದ ಬಳಕೆಯ ನಂತರ

ಗಂಟೆಗೆ 85ರಿಂದ 90 ಮೈಲಿ ವೇಗದಲ್ಲಿ ಡ್ರೈವರ್ (ಅತಿ ದೂರ ಹೊಡೆಯುವ ಗಾಲ್ಫ್ ಕೋಲು) ಬೀಸುವ ಸಾಮಾನ್ಯ ಹವ್ಯಾಸಿಗೆ ಯಾವ ಚೆಂಡು ಒಪ್ಪುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಕೆಲವು ವರ್ಷಗಳಿಂದ ಸ್ರಿಕ್ಸನ್ ಕ್ಯೂ-ಸ್ಟಾರ್ ಟೂರ್ ಹೆಸರನ್ನು ಹೇಳುತ್ತಿದ್ದೇನೆ. ಇದು ಯುರೆಥೇನ್ ಎಂಬ ಮೆದು ಪ್ಲಾಸ್ಟಿಕ್ ಹೊದಿಕೆಯ, ಮೂರು ಪದರಗಳ ಚೆಂಡು. ಕಂಪ್ರೆಶನ್, ಅಂದರೆ ಚೆಂಡು ಎಷ್ಟು ಗಟ್ಟಿ ಎಂದು ಹೇಳುವ ಅಂಕಿ, 70ರ ಆಸುಪಾಸಿನಲ್ಲಿದೆ. ಇದಕ್ಕೂ ಮುಂಚೆ ಬಹುಕಾಲ ಅದೇ ಕಂಪನಿಯ ಎರಡು ಪದರದ ಸಾಫ್ಟ್ ಫೀಲ್ ಆಡಿದ್ದೇನೆ, ನಡುನಡುವೆ ಟೈಟ್ಲಿಸ್ಟ್ ಪ್ರೊ ವಿ1 ಮತ್ತು ಕ್ಯಾಲವೇ ಸೂಪರ್‌ಸಾಫ್ಟ್ ಚೆಂಡುಗಳನ್ನೂ ಸಾಕಷ್ಟು ದಿನ ಬಳಸಿದ್ದೇನೆ. ಈ ಚೆಂಡನ್ನು ನಾನು ಉಳಿಸಿಕೊಂಡಿರುವುದಕ್ಕೂ ನನ್ನ ಸ್ವಿಂಗ್ ವೇಗಕ್ಕೂ ಇರುವ ಸಂಬಂಧ ಅಂಗಡಿಯವರು ಹೇಳುವುದಕ್ಕಿಂತ ತೀರಾ ಕಡಿಮೆ ಎಂಬುದೇ ಈ ವಿಮರ್ಶೆಯ ಮುಖ್ಯ ಮಾತು.

ವೇಗವನ್ನು ಅಳೆಯುವುದು ಈಗ ಕಷ್ಟವಲ್ಲ. ಬೆಂಗಳೂರಿನ ಹಲವು ಅಭ್ಯಾಸ ಅಂಗಳಗಳಲ್ಲಿಯೂ ಗಾಲ್ಫ್ ಅಂಗಡಿಗಳಲ್ಲಿಯೂ ಟ್ರ್ಯಾಕ್‌ಮ್ಯಾನ್ ಅಥವಾ ಅಂಥದೇ ಲಾಂಚ್ ಮಾನಿಟರ್ (ಹೊಡೆತದ ವೇಗ, ದೂರ ಅಳೆಯುವ ಯಂತ್ರ) ಇರುತ್ತದೆ. ಅದು ಸಿಗದಿದ್ದರೆ, ಚೆನ್ನಾಗಿ ತಗುಲಿದ ಡ್ರೈವ್ ನೆಲ ಮುಟ್ಟುವ ಮುನ್ನ ಎಷ್ಟು ಗಜ ಹಾರಿತು ಎಂಬುದನ್ನು 2.3ರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂಬ ಅಂದಾಜು ಸಿಗುತ್ತದೆ: 200 ಗಜ ಹಾರಿಸುವವರ ವೇಗ ಸುಮಾರು 87 ಮೈಲಿ. ಉರುಳಿದ ದೂರವನ್ನೂ ಸೇರಿಸಿ ಲೆಕ್ಕ ಹಾಕಿ, ತನ್ನದು ನೂರರ ಮೇಲಿನ ವೇಗ ಎಂದು ನಂಬಿಕೊಂಡಿರುವವರು ಪ್ರತಿ ಕ್ಲಬ್ಬಿನಲ್ಲಿಯೂ ಇದ್ದಾರೆ. ಅವರ ಜೊತೆ ವಾದಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ.

ಹೀಗೆ ಅಳೆದ ಅಂಕಿ ಕೈಗೆ ಬಂದ ಕೂಡಲೇ ಪಾದದ ಅಳತೆ ನೋಡಿ ಚಪ್ಪಲಿ ತೆಗೆದುಕೊಡುವಂತೆ ಚೆಂಡನ್ನು ತೆಗೆದುಕೊಡುವ ಪದ್ಧತಿಯೊಂದು ಬೆಳೆದು ಬಂದಿದೆ. ನಿಧಾನವಾಗಿ ಬೀಸುವವರಿಗೆ ಕಡಿಮೆ ಕಂಪ್ರೆಶನ್ನಿನ ಮೆತ್ತನೆಯ ಚೆಂಡು, ವೇಗವಾಗಿ ಬೀಸುವವರಿಗೆ ಗಟ್ಟಿ ಚೆಂಡು ಎಂಬುದು ಅದರ ಸೂತ್ರ. ಒಳಗೆ ರಬ್ಬರ್ ದಾರ ಸುತ್ತಿ ಬಲಾಟಾ ಎಂಬ ಮೆದು ಹೊದಿಕೆ ಹಾಕಿದ ಹಳೆಯ ಚೆಂಡುಗಳ ಕಾಲದಲ್ಲಿ 80, 90, 100 ಎಂಬ ಕಂಪ್ರೆಶನ್ ಅಂಕಿಗಳೇ ಆಟಗಾರನ ತೋಳ್ಬಲದ ಗುರುತುಗಳಾಗಿದ್ದವು. ನೂರರ ಚೆಂಡು ಆಡುವುದು ಒಂದು ಬಗೆಯ ಪ್ರತಿಷ್ಠೆಯಾಗಿತ್ತು. ಚೆಂಡು ಬದಲಾದರೂ ಆ ನಂಬಿಕೆ ಉಳಿದುಕೊಂಡಿದೆ. ನಿಧಾನವಾಗಿ ಬೀಸುವವರು ಗಟ್ಟಿ ಚೆಂಡನ್ನು ಅದುಮಲಾರರು, ಹಾಗಾಗಿ ಅದು ದೂರ ಹೋಗದು ಎಂಬ ವಿವರಣೆಯನ್ನು ಈಗಲೂ ಕೇಳುತ್ತೇವೆ. ವಾಸ್ತವದಲ್ಲಿ ಡ್ರೈವರ್ ಮುಖಕ್ಕೆ ಚೆಂಡು ಅಂಟಿಕೊಂಡಿರುವ ಸುಮಾರು ಅರ್ಧ ಮಿಲಿಸೆಕೆಂಡಿನಲ್ಲಿ, ಬೀಸಿದವರು ಯಾರೇ ಆಗಿರಲಿ, ಪ್ರತಿ ಚೆಂಡೂ ಅದುಮಿಕೊಂಡೇ ತೀರುತ್ತದೆ. ಎಷ್ಟು ಅದುಮಿತು ಎಂಬುದಕ್ಕಿಂತ, ಹಾಗೆ ಅದುಮಿದ ಶಕ್ತಿಯಲ್ಲಿ ಎಷ್ಟನ್ನು ಅದು ಹಿಂದಿರುಗಿಸಿತು ಎಂಬುದೇ ದೂರವನ್ನು ನಿರ್ಧರಿಸುತ್ತದೆ.

ಈ ವಿಷಯದಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ. ಬ್ರಿಡ್ಜ್‌ಸ್ಟೋನ್ ತನ್ನ ಟೂರ್ ಬಿ ಸಾಲಿನಲ್ಲಿ 105 ಮೈಲಿಯನ್ನು ಗಡಿಯಾಗಿಟ್ಟು, ಅದಕ್ಕಿಂತ ಕಡಿಮೆ ವೇಗದವರಿಗೆ ಆರ್‌ಎಕ್ಸ್ ಮತ್ತು ಆರ್‌ಎಕ್ಸ್‌ಎಸ್, ಮೇಲಿನವರಿಗೆ ಎಕ್ಸ್ ಮತ್ತು ಎಕ್ಸ್‌ಎಸ್ ಎಂದು ವಿಂಗಡಿಸಿದೆ. ಟೈಟ್ಲಿಸ್ಟ್ ಇದಕ್ಕೆ ವಿರುದ್ಧವಾಗಿ, ವೇಗವನ್ನು ಪಕ್ಕಕ್ಕಿಟ್ಟು ಗ್ರೀನ್‌ನಿಂದ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳ) ಟೀಯತ್ತ (ಮೊದಲ ಹೊಡೆತದ ಜಾಗ) ಹಿಂದಕ್ಕೆ ಬರುತ್ತಾ ಚೆಂಡನ್ನು ಆರಿಸಿಕೊಳ್ಳಿ ಎನ್ನುತ್ತದೆ. ಬ್ರಿಡ್ಜ್‌ಸ್ಟೋನಿನ ಆ ನಾಲ್ಕೂ ಚೆಂಡುಗಳಿಗೆ ಯುರೆಥೇನ್ ಹೊದಿಕೆಯೇ ಇದೆ ಎಂಬುದನ್ನು ಗಮನಿಸಬೇಕು. ನಿಧಾನವಾಗಿ ಬೀಸುವವರಿಗೆ ಅಗ್ಗದ, ಗಡುಸು ಹೊದಿಕೆಯ ಚೆಂಡು ಸಾಕು ಎಂದು ಆ ಕಂಪನಿಯೂ ಹೇಳಿಲ್ಲ; ಆ ಅರ್ಥವನ್ನು ಸೇರಿಸಿಕೊಂಡವರು ಮಾರುವವರು ಮತ್ತು ಕೊಳ್ಳುವವರು.

ಈ ಸೂತ್ರದ ಬಗ್ಗೆ ನನಗೆ ಸಂಶಯ ಹುಟ್ಟಿಸಿದ್ದು ಮಹಿಳೆಯರ ವೃತ್ತಿಪರ ಆಟ. ಟ್ರ್ಯಾಕ್‌ಮ್ಯಾನ್ ಹಿಂದೆ ಪ್ರಕಟಿಸಿದ್ದ ಸರಾಸರಿಗಳ ಪ್ರಕಾರ ಅಮೆರಿಕದ ಪುರುಷ ವೃತ್ತಿಪರರ ಪಿಜಿಎ ಟೂರ್ ಆಟಗಾರರ ಡ್ರೈವರ್ ವೇಗ 113 ಮೈಲಿಯಷ್ಟಿದ್ದರೆ ಮಹಿಳೆಯರ ಎಲ್‌ಪಿಜಿಎ ಟೂರ್ ಆಟಗಾರ್ತಿಯರದು 94 ಮೈಲಿಯಷ್ಟು, ಅಂದರೆ ಸಾಮಾನ್ಯ ಗಂಡಸು ಹವ್ಯಾಸಿಯ ಆಸುಪಾಸಿನಲ್ಲೇ ಇತ್ತು. ಆದರೂ ಆ ಆಟಗಾರ್ತಿಯರಲ್ಲಿ ಬಹುಮಂದಿಯ ಚೀಲದಲ್ಲಿರುವುದು ಪುರುಷರು ಆಡುವ ಪ್ರೊ ವಿ1ನಂಥ ಟೂರ್ ಚೆಂಡುಗಳೇ. ಬೆಂಗಳೂರಿನಲ್ಲಿ ಆಟ ಕಲಿತ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ, ಡ್ರೈವ್‌ಗಳ ದೂರದಲ್ಲಿ ಅವರು ಕಣದಲ್ಲಿದ್ದವರ ಪೈಕಿ ಕೊನೆಯ ಸಾಲಿನಲ್ಲಿದ್ದರು. ಅವರನ್ನು ಪದಕದ ಅಂಚಿನವರೆಗೆ ಕೊಂಡೊಯ್ದದ್ದು ಗ್ರೀನ್ ಮೇಲಿನ ಮತ್ತು ಅದರ ಸುತ್ತಲಿನ ಆಟ. ನಮ್ಮಂಥವರು ಅವರ ಕೈಚಳಕವನ್ನು ಅನುಕರಿಸಲಾಗದಿದ್ದರೂ ಚೆಂಡು ಆರಿಸುವಾಗ ಯಾವ ಹೊಡೆತವನ್ನು ಮುಂದಿಟ್ಟುಕೊಳ್ಳಬೇಕು ಎಂಬುದನ್ನು ಅವರ ಆಟದಿಂದ ತಿಳಿಯಬಹುದು.

ಈಗ ನನ್ನ ಬಳಕೆಯ ವಿವರಕ್ಕೆ ಬರುತ್ತೇನೆ. ಡ್ರೈವರ್‌ನಲ್ಲಿ ಸಾಫ್ಟ್ ಫೀಲ್, ಕ್ಯೂ-ಸ್ಟಾರ್ ಟೂರ್, ಪ್ರೊ ವಿ1 ಮೂರನ್ನೂ ಮಾನಿಟರ್ ಮುಂದೆ ಹೊಡೆದು ನೋಡಿದಾಗ ಕಂಡ ವ್ಯತ್ಯಾಸ ಎರಡು ಮೂರು ಗಜಗಳಷ್ಟು ಮಾತ್ರ. ಒಂದೇ ಚೆಂಡಿನಿಂದ ನಾನು ಹೊಡೆಯುವ ಎರಡು ಡ್ರೈವ್‌ಗಳ ನಡುವಿನ ಅಂತರ ಅದಕ್ಕಿಂತ ಬಹಳ ಹೆಚ್ಚು. 2019ರಲ್ಲಿ ಮೈಗಾಲ್ಫ್‌ಸ್ಪೈ ಸಂಸ್ಥೆ ಯಂತ್ರದಿಂದ 85 ಮತ್ತು 115 ಮೈಲಿ ವೇಗದಲ್ಲಿ ಹಲವು ಚೆಂಡುಗಳನ್ನು ಹೊಡೆಸಿ ನೋಡಿ, ಮೆತ್ತನೆಯ ಚೆಂಡುಗಳು ಒಟ್ಟಾರೆ ನಿಧಾನ ಎಂಬ ತೀರ್ಮಾನಕ್ಕೆ ಬಂದಿತ್ತು. ಕಡಿಮೆ ವೇಗದಲ್ಲಿ ಆ ಅಂತರ ಕಿರಿದಾಗುತ್ತದೆ ಎಂಬುದೂ ಅಲ್ಲಿ ಕಂಡಿತ್ತು. ನನ್ನ ಅನುಭವ ಇದಕ್ಕೆ ಹೊಂದುತ್ತದೆ. ಚೆಂಡಿನ ವೇಗ ಒಂದು ಮೈಲಿ ಹೆಚ್ಚಿದರೆ ದೂರ ಸುಮಾರು ಎರಡು ಗಜ ಹೆಚ್ಚುತ್ತದೆ ಎಂದಿಟ್ಟುಕೊಂಡರೆ, ಈ ಚೆಂಡುಗಳು ನನಗೆ ಕೊಡುವ ಅಥವಾ ನನ್ನಿಂದ ಕಸಿಯುವ ದೂರ ಲೆಕ್ಕಕ್ಕೆ ಬರುವಂಥದ್ದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತೆಳುಗಾಳಿಯೇ ಕರಾವಳಿಗೆ ಹೋಲಿಸಿದರೆ ಶೇ. 3ಕ್ಕೂ ಹೆಚ್ಚು ದೂರವನ್ನು ಪುಕ್ಕಟೆಯಾಗಿ ಕೊಡುತ್ತದೆ. ಇಲ್ಲಿ 200 ಗಜ ಹಾರುವ ಡ್ರೈವ್ ಮಂಗಳೂರಿನ ಪಿಲಿಕುಳದಲ್ಲಿ ಆರೇಳು ಗಜ ಹಿಂದೆಯೇ ಬೀಳುತ್ತದೆ, ಊಟಿಯಲ್ಲಿ ಅಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ.

ಐರನ್‌ಗಳಲ್ಲಿ (ನಡುದೂರದ ಹೊಡೆತಗಳ ಲೋಹದ ಕೋಲುಗಳು) ನಿಧಾನ ಬೀಸುವವರು ಎದುರಿಸುವ ತೊಂದರೆ ಬೇರೆಯದು, ಅದರ ಬಗ್ಗೆ ಸೂತ್ರಗಳು ಏನನ್ನೂ ಹೇಳುವುದಿಲ್ಲ. ನಮ್ಮ ಹೊಡೆತ ಎತ್ತರಕ್ಕೆ ಏರುವುದಿಲ್ಲ, ಇಳಿಯುವಾಗ ಕಡಿದಾಗಿ ಇಳಿಯುವುದಿಲ್ಲ, ಸ್ಪಿನ್ (ಚೆಂಡಿನ ಹಿಮ್ಮುಖ ತಿರುಗು) ಕೂಡ ಕಡಿಮೆ. ಆದ್ದರಿಂದ ಆರನೇ ಐರನ್ನಿನ ಚೆಂಡು ಗ್ರೀನ್ ಮುಟ್ಟಿಯೂ ಹಿಂಬದಿಗೆ ಉರುಳಿ ಹೋಗುತ್ತದೆ. ಅತಿ ಮೆತ್ತನೆಯ ತಿರುಳಿನ ಮೇಲೆ ಐಯೊನೊಮರ್ ಎಂಬ ಗಡುಸು ಪ್ಲಾಸ್ಟಿಕ್ ಹೊದಿಕೆ ಇರುವ ಚೆಂಡಿನ ಗುಣವೇ ಸ್ಪಿನ್ ಕಡಿಮೆ ಮಾಡುವುದು. ಅಡ್ಡಾದಿಡ್ಡಿ ತಿರುಗುವ ಹೊಡೆತಗಳನ್ನು ಅದು ಸ್ವಲ್ಪ ನೇರ ಮಾಡುತ್ತದೆ ಎಂಬುದು ನಿಜ, ಆದರೆ ಅದೇ ಗುಣ ಗ್ರೀನ್ ಮೇಲೆ ಚೆಂಡನ್ನು ನಿಲ್ಲಿಸಬೇಕಾದಾಗ ನಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಹೆಚ್ಚು ವೇಗದವರಿಗೆ ಸ್ಪಿನ್ ಜಾಸ್ತಿಯಾಗಿ ಚೆಂಡು ಮೇಲೆದ್ದು ನಿಂತುಬಿಡುವ ಚಿಂತೆ. ನಮಗೆ ಇರುವಷ್ಟು ಸ್ಪಿನ್ನನ್ನು ಕಾಪಾಡಿಕೊಳ್ಳುವ ಚಿಂತೆ. ಹಾಗೆ ನೋಡಿದರೆ ಕಡಿಮೆ ವೇಗದವರಿಗೆ ಕಡಿಮೆ ಸ್ಪಿನ್ನಿನ ಚೆಂಡನ್ನು ಶಿಫಾರಸು ಮಾಡುವುದು ಎಷ್ಟು ಸರಿ ಎಂಬುದನ್ನು ಓದುಗರೇ ಯೋಚಿಸಬಹುದು.

ಕ್ಯೂ-ಸ್ಟಾರ್ ಟೂರ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಗ್ರೀನ್‌ನಿಂದ ಐವತ್ತು ಅರವತ್ತು ಗಜದೊಳಗೆ. ಇಲ್ಲಿ ಯಾರ ಸ್ವಿಂಗ್ ವೇಗವೂ ಮುಖ್ಯವಲ್ಲ, ಏಕೆಂದರೆ ನಲವತ್ತು ಗಜದ ಪಿಚ್‌ಗೆ (ಎತ್ತರಕ್ಕೆ ಎತ್ತಿ ಆಡುವ ಗಿಡ್ಡ ಹೊಡೆತ) ವೃತ್ತಿಪರರೂ ನಿಧಾನವಾಗಿಯೇ ಬೀಸುತ್ತಾರೆ. ಮೆದುವಾದ ಯುರೆಥೇನ್ ಹೊದಿಕೆಯನ್ನು ವೆಡ್ಜ್ (ಹತ್ತಿರದ ಹೊಡೆತಗಳ ಕೋಲು) ಮುಖದ ಗೀರುಗಳು ಕಚ್ಚಿ ಹಿಡಿದು, ಒಳಗಿನ ಗಟ್ಟಿ ಪದರಕ್ಕೆ ಒತ್ತಿ ತಿರುಗಿಸುತ್ತವೆ. ಐಯೊನೊಮರ್ ಹೊದಿಕೆಯಾದರೆ ಚೆಂಡು ಜಾರಿಕೊಂಡು ತುಸು ಮೇಲಕ್ಕೆ ಚಿಮ್ಮುತ್ತದೆ. ಎರಡು ಬಗೆಯ ಚೆಂಡುಗಳ ನಡುವೆ ನಿಮಿಷಕ್ಕೆ ಸಾವಿರಾರು ಸುತ್ತುಗಳ ಅಂತರ ಬರುವುದು ಈ ಹೊಡೆತಗಳಲ್ಲಿ. ಸಾಫ್ಟ್ ಫೀಲ್ ಆಡುವಾಗ ನಾನು ಬಂಕರ್ (ಮರಳಿನ ಗುಂಡಿ) ಆಚೆ ಹತ್ತಿರದಲ್ಲೇ ಧ್ವಜವಿದ್ದರೆ ಅದನ್ನು ಮರೆತು ಗ್ರೀನ್ ನಡುವಿಗೆ ಆಡುತ್ತಿದ್ದೆ, ಅದು ಆ ಚೆಂಡಿಗೆ ತಕ್ಕ ಆಟ. ಕ್ಯೂ-ಸ್ಟಾರ್ ಟೂರ್ ಜೊತೆಗೆ ಎರಡನೆಯ ಪುಟಿತದಲ್ಲಿ ಚೆಂಡು ತಡೆದು ನಿಲ್ಲುವುದನ್ನು ನೆಚ್ಚಿಕೊಂಡು ಧ್ವಜದತ್ತ ಆಡಬಹುದು. ಒಣ ಹುಲ್ಲಿನ ಮೇಲೆ, ಶುಚಿಯಾದ ವೆಡ್ಜ್‌ನಿಂದ ಆಡಿದಾಗಿನ ಮಾತು ಇದು. ಮಳೆಗಾಲದ ಒದ್ದೆ ರಫ್‌ನಲ್ಲಿ (ಅಂಚಿನ ಉದ್ದ ಹುಲ್ಲು) ಹುಲ್ಲು ಮತ್ತು ನೀರು ನಡುವೆ ಸಿಕ್ಕಿಕೊಳ್ಳುವುದರಿಂದ ಯಾವ ಹೊದಿಕೆಯಾದರೂ ಸ್ಪಿನ್ ಕುಸಿಯುತ್ತದೆ. ಜುಲೈ, ಆಗಸ್ಟ್‌ಗಳಲ್ಲಿ ಹೆಚ್ಚು ಬೆಲೆಯ ಚೆಂಡಿನ ಲಾಭ ಅರ್ಧಕ್ಕರ್ಧ ತಗ್ಗುತ್ತದೆ ಎಂದು ನನ್ನ ಅಂದಾಜು. ಮೆತ್ತಗಾದ ಗ್ರೀನ್‌ಗಳು ಆಗ ಎಲ್ಲ ಚೆಂಡುಗಳನ್ನೂ ಸಮಾನವಾಗಿ ನಿಲ್ಲಿಸುತ್ತವೆ, ಅದು ಬೇರೆ ಮಾತು.

ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಮುಖಕ್ಕೆ ತಗುಲಿದಾಗ ಬರುವ ಸದ್ದು ಮತ್ತು ಕೈಗಾಗುವ ಅನುಭವ ಪೂರ್ತಿ ಅವರವರ ಅಭಿರುಚಿಗೆ ಬಿಟ್ಟದ್ದು. ಸೂಪರ್‌ಸಾಫ್ಟ್ ಕಂಪ್ರೆಶನ್ ನಲವತ್ತಕ್ಕೂ ಕೆಳಗಿದ್ದು, ಅದರ ಸದ್ದೇ ಇಲ್ಲದ ಮೃದುತನವನ್ನು ಬಹಳ ಮಂದಿ ಮೆಚ್ಚುತ್ತಾರೆ. ನನಗೆ ತುಸು ಸದ್ದು ಬೇಕು, ಇಲ್ಲದಿದ್ದರೆ ಉದ್ದದ ಪಟ್‌ಗಳಲ್ಲಿ ದೂರದ ಅಂದಾಜು ಸಿಗುವುದಿಲ್ಲ. ಕ್ಯೂ-ಸ್ಟಾರ್ ಟೂರ್ ಆ ಸದ್ದಿಲ್ಲದ ಮೃದುತನ ಮತ್ತು ಗಟ್ಟಿ ಚೆಂಡಿನ ಸದ್ದಿನ ನಡುವೆ ನಿಲ್ಲುತ್ತದೆ.

ಬಾಳಿಕೆಯ ವಿಷಯದಲ್ಲಿ ಯುರೆಥೇನ್ ಎಂಬ ವಸ್ತುವಿನ ಸ್ವಭಾವವನ್ನು ಒಪ್ಪಿಕೊಂಡೇ ಕೊಳ್ಳಬೇಕು. ಬಂಕರ್ ಮರಳಿನಿಂದ ಪೂರ್ಣ ವೇಗದಲ್ಲಿ ಆಡಿದರೆ, ಕಾಂಕ್ರೀಟಿನ ಗಾಡಿದಾರಿಗೆ ಬಡಿದರೆ, ಅಂಥ ಯಾವ ಚೆಂಡಿಗಾದರೂ ಗೀರು ಬೀಳುತ್ತದೆ. ಐಯೊನೊಮರ್ ಹೊದಿಕೆ ಇವನ್ನೆಲ್ಲ ತಾಳಿಕೊಳ್ಳುತ್ತದೆ. ಆದರೆ ನಮ್ಮ ಮಟ್ಟದ ಆಟಗಾರರ ಚೆಂಡು ಸವೆದು ಹಾಳಾಗುವುದಕ್ಕಿಂತ ಮೊದಲೇ ಕಳೆದುಹೋಗುತ್ತದೆ ಎಂಬುದನ್ನೂ ಹೇಳಬೇಕು. 2019ರ ನಿಯಮ ಬದಲಾವಣೆಯಿಂದ ಹುಡುಕಲು ಇರುವ ಅವಧಿ ಐದು ನಿಮಿಷದಿಂದ ಮೂರಕ್ಕೆ ಇಳಿದ ಮೇಲಂತೂ ಇನ್ನೂ ಹೆಚ್ಚು. ಕೆರೆ, ಪೊದೆಗಳಿಂದ ಹೆಕ್ಕಿ ಕ್ಯಾಡಿಗಳು ಮತ್ತು ಹುಡುಗರು ಮಾರುವ ಹಳೆಯ ಚೆಂಡುಗಳನ್ನು ಅಭ್ಯಾಸಕ್ಕೆ ನಾನೂ ಕೊಳ್ಳುತ್ತೇನೆ. ಮೇಲೆ ಹೊಸದಾಗಿ ಬಣ್ಣ ಬಳಿದು ಮಾರುವಂಥವನ್ನು ಮಾತ್ರ ಮುಟ್ಟುವುದಿಲ್ಲ. ಚೆಂಡಿನ ಮೇಲಿನ ಗುಳಿಗಳು ಗಾಳಿಯ ತಡೆಯನ್ನು ಸುಮಾರು ಅರ್ಧಕ್ಕೆ ಇಳಿಸುವಂಥವು, ಕ್ಯೂ-ಸ್ಟಾರ್ ಟೂರ್‌ನಲ್ಲಿ ಅಂಥ 338 ಗುಳಿಗಳಿವೆ. ಅವುಗಳ ಆಳವೇ ಬಣ್ಣದಿಂದ ಬದಲಾದರೆ ಚೆಂಡಿನ ಹೆಸರಿಗೆ ಅರ್ಥ ಉಳಿಯುವುದಿಲ್ಲ.

ಬೆಲೆಯಲ್ಲಿ ಈ ಚೆಂಡು ನಡುವಿನದು. ಸಾಫ್ಟ್ ಫೀಲ್‌ನಂಥ ಎರಡು ಪದರದ ಚೆಂಡುಗಳು ಸಾಮಾನ್ಯವಾಗಿ ಪ್ರೊ ವಿ1ನಂಥವುಗಳ ಅರ್ಧ ಬೆಲೆಯ ಸುತ್ತಮುತ್ತ ಸಿಗುತ್ತವೆ, ಇದು ಅವೆರಡರ ಮಧ್ಯೆ ನಿಲ್ಲುತ್ತದೆ. ಪ್ರೊ ವಿ1 ಇದಕ್ಕಿಂತ ಒಳ್ಳೆಯ ಚೆಂಡೇ? ವೆಡ್ಜ್‌ನಲ್ಲಿ ಒಂದು ಕೂದಲೆಳೆಯಷ್ಟು ಹೌದು. ಆ ಕೂದಲೆಳೆಯನ್ನು ಬಳಸಿಕೊಳ್ಳುವ ಕೈ ಇದ್ದವರು, ಕಳೆದುಕೊಂಡ ಪ್ರತಿ ಚೆಂಡಿನ ಬೆಲೆ ಮನಸ್ಸಿಗೆ ಬಾರದವರು ಅದನ್ನೇ ಕೊಳ್ಳಲಿ. ವೇಗ ಸಾಲದು ಎಂಬ ಕಾರಣಕ್ಕೆ ಹಿಂಜರಿಯುವ ಅಗತ್ಯವಿಲ್ಲ. ಇನ್ನೂ ಚೆಂಡನ್ನು ಗಾಳಿಗೆ ಎತ್ತಲು ಕಲಿಯುತ್ತಿರುವವರು, ಪ್ರತಿ ಸುತ್ತಿನಲ್ಲಿ ಚೆಂಡುಗಳ ಗೊಂಚಲನ್ನೇ ಕಳೆದುಕೊಳ್ಳುವವರು ಎರಡು ಪದರದ ಚೆಂಡನ್ನೇ ಆಡುವುದು ಜಾಣತನ. ಆದರೆ ವಾರವಾರಕ್ಕೂ ಬೇರೆ ಬೇರೆ ಚೆಂಡು ಆಡುವವರು ಯಾವ ಚೆಂಡಿನ ಗುಣವನ್ನೂ ಅರಿಯಲಾರರು. ನಾನು ಯಾರಿಗಾದರೂ ಸಲಹೆ ಕೊಡುವುದಾದರೆ ಎರಡು ಬಗೆಯ ಚೆಂಡುಗಳ ಒಂದೊಂದು ಪೊಟ್ಟಣ ತಂದು, ಮೊದಲು ಗ್ರೀನ್ ಸುತ್ತ ಚಿಪ್ (ತಗ್ಗಾಗಿ ಹೋಗಿ ಉರುಳುವ ಗಿಡ್ಡ ಹೊಡೆತ) ಮತ್ತು ಪಿಚ್ ಆಡಿ, ನಂತರ ಎಂಟನೇ ಐರನ್ನಿನಲ್ಲಿ ನೋಡಿ, ಡ್ರೈವರ್ ಅನ್ನು ಕೊನೆಗೆ ತೆಗೆಯಿರಿ ಎನ್ನುತ್ತೇನೆ. ಅಂಗಡಿಗಳಲ್ಲಿ ಇದರ ತಿರುವುಮುರುವು ನಡೆಯುತ್ತದೆ, ಏಕೆಂದರೆ ಬಲೆಯೆದುರು ಡ್ರೈವರ್ ಬೀಸುವುದು ಸುಲಭ, ಗ್ರೀನ್ ಅನ್ನು ಅಂಗಡಿಯೊಳಗೆ ತರಲಾಗದು.

ಚೆಂಡಿನ ನಿಯಮಗಳು ಬದಲಾಗುತ್ತವೆಯಂತೆ, ಈಗಲೇ ಕೊಂಡಿಟ್ಟುಕೊಳ್ಳಬೇಕೆ ಎಂದು ಕ್ಲಬ್ಬಿನಲ್ಲಿ ಕೆಲವರು ಕೇಳುತ್ತಾರೆ. ಗಾಲ್ಫ್ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತೀರ್ಮಾನದಲ್ಲಿ, ಚೆಂಡನ್ನು ಪರೀಕ್ಷಿಸುವಾಗ ಬೀಸುವ ಕೋಲಿನ ವೇಗವನ್ನು 120 ಮೈಲಿಯಿಂದ 125ಕ್ಕೆ ಏರಿಸಿ, ಒಟ್ಟು ದೂರದ ಮಿತಿಯನ್ನು ಮಾತ್ರ 317 ಗಜ ಮತ್ತು 3 ಗಜದ ರಿಯಾಯಿತಿಯಲ್ಲೇ ಉಳಿಸಿಕೊಳ್ಳಲಾಗಿದೆ. ಅತಿ ವೇಗದ ಆಟಗಾರರು ಇದರಿಂದ 13ರಿಂದ 15 ಗಜ ಕಳೆದುಕೊಳ್ಳಬಹುದು, ಹವ್ಯಾಸಿಗಳಲ್ಲಿ ಹೆಚ್ಚಿನವರಿಗೆ ಆಗುವ ನಷ್ಟ 5 ಗಜ ಅಥವಾ ಅದಕ್ಕಿಂತ ಕಡಿಮೆ ಎಂಬುದು ಆ ಸಂಸ್ಥೆಗಳ ಅಂದಾಜು. 88 ಮೈಲಿ ವೇಗದವರು ಅದಕ್ಕಾಗಿ ಕಪಾಟು ತುಂಬಿಸಿಕೊಳ್ಳಬೇಕಾಗಿಲ್ಲ.