ಕರಾವಳಿಯ ಮಳೆಯಲ್ಲಿ ಕ್ಯಾಮೆರಾ ಬ್ಯಾಗು: ಕೆಲವು ವರ್ಷ ಬಳಸಿದ ಮೇಲೆ

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಮಾಡೆಲ್ ಈಗ ಅಂಗಡಿಗೆ ಬರುತ್ತಲೂ ಇಲ್ಲ. ಬೆನ್ನಿಗೆ ಹಾಕುವ ಸಾಧಾರಣ ಗಾತ್ರದ ಬ್ಯಾಗು, ಜಿಪ್ಪು ಬೆನ್ನಿಗೆ ತಾಗುವ ಕಡೆ. ಒಳಗೆ ಎರಡು ಕ್ಯಾಮೆರಾ ಬಾಡಿ, 24-70, 70-200, 50 ಎಂಎಂ ಲೆನ್ಸುಗಳು, ಫ್ಲಾಶು. ಹಗಲು ಮದುವೆ, ರಾತ್ರಿ ಯಕ್ಷಗಾನ. ನವೆಂಬರಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನದವರೆಗೆ, ಇದಕ್ಕೆ ಪುರುಸೊತ್ತೇ ಇಲ್ಲ.

ಮೊದಲು ಮೆಚ್ಚಿದ್ದು ಒಳಗಿನ ಬಟ್ಟೆಯ ತಿಳಿ ಬೂದು ಬಣ್ಣ. ಬೇಗ ಕೊಳೆಯಾಗುತ್ತದೆ, ಕಪ್ಪು ತಗೊಳ್ಳಿ ಅಂತ ಅಂಗಡಿಯವರು ಹೇಳಿದ್ದರು. ಕೊಳೆಯಾಗಿದೆ, ನಿಜ. ಆದರೆ ಬಯಲಾಟದಲ್ಲಿ ರಂಗಸ್ಥಳ ಬಿಟ್ಟು ಹತ್ತು ಹೆಜ್ಜೆ ಈಚೆ ಬಂದರೆ ಕತ್ತಲೆ. ಕಪ್ಪು ಬ್ಯಾಗಿನೊಳಗೆ ಕಪ್ಪು ಲೆನ್ಸ್ ಕ್ಯಾಪು ಹುಡುಕುವವರ ಪಾಡು ನೋಡಿದರೆ ಕೊಳೆ ಎಷ್ಟೋ ವಾಸಿ.

ಒಳಗೆ ವೆಲ್ಕ್ರೋದಲ್ಲಿ ಅಂಟಿಸುವ ಅಡ್ಡಗೋಡೆಗಳನ್ನು (ಡಿವೈಡರು) ಒಮ್ಮೆ ಜೋಡಿಸಿದ ಮೇಲೆ ಕದಲಿಸಿಲ್ಲ. ಫ್ಲಾಶು ಯಾವಾಗಲೂ ಎಡಮೂಲೆ, 50 ಅದರ ಕೆಳಗೆ. ಕೈಗೆ ಅಭ್ಯಾಸವಾಗಿದೆ, ಕಣ್ಣು ಬೇಕಿಲ್ಲ. ವೆಲ್ಕ್ರೋ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ನೂಲು, ಕೂದಲು ಸೇರಿದರೆ ಹಳೆಯ ಟೂತ್‌ಬ್ರಶ್ಶಿನಲ್ಲಿ ತಿಕ್ಕಿದರಾಯಿತು. ವೆಲ್ಕ್ರೋ ಬಿಚ್ಚುವ ಸದ್ದು ಮಾತ್ರ ಕಿರಿಕಿರಿ. ಚೆಂಡೆ ಬಾರಿಸುವಾಗ ಯಾರಿಗೂ ಕೇಳಿಸದು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಮಾತಿಗೆ ತೊಡಗಿದಾಗ ಮುಂದಿನ ಜೇಬು ಪರ್ರೆಂದು ಎಳೆದು ನೋಡಿ, ನಾಲ್ಕು ಸಾಲಿನವರು ಒಟ್ಟಿಗೆ ತಿರುಗುತ್ತಾರೆ. ಆ ಜೇಬಿಗೆ ಟೈಲರ್ ಹತ್ತಿರ ಜಿಪ್ಪು ಹಾಕಿಸಿದೆ.

ಪೌಚುಗಳಲ್ಲಿ ಹಣಕ್ಕೆ ಮೋಸವಿಲ್ಲದ್ದು ಮೆಮೊರಿ ಕಾರ್ಡಿನ ಗಟ್ಟಿ ಡಬ್ಬಿ. ಖಾಲಿ ಕಾರ್ಡಿನ ಲೇಬಲ್ ಮೇಲೆ, ತುಂಬಿದ್ದರ ಲೇಬಲ್ ಕೆಳಗೆ. ಚಾರ್ಜಾದ ಬ್ಯಾಟರಿಗೆ ರಬ್ಬರ್ ಬ್ಯಾಂಡು. ಕೇಬಲ್‌ಗೆಂದು ಸಿಗುವ ದುಬಾರಿ ಪೌಚು ಬೇಡ, ಶಾಲೆ ಮಕ್ಕಳ ಕಂಪಾಸು ಹಾಕುವ ಜಿಪ್ ಪೌಚು ಸಾಕು.

ಇನ್ನು ಮಳೆಗಾಲದ ವಿಚಾರ. ಮೂರನೆಯ ಜೂನ್ ಬರುವಷ್ಟರಲ್ಲಿ ರೈನ್ ಕವರಿನ ಒಳಪದರ ಅಂಟಂಟಾಗಿ ಸಿಪ್ಪೆ ಏಳತೊಡಗಿತು. ನೀರು ತಡೆಯಲು ಬಳಿದ ಪಾಲಿಯುರೆಥೇನ್ ತೇವದ ಹವೆಯಲ್ಲಿ ವರ್ಷ ಕಳೆದಂತೆ ಹೀಗೆ ಕಳಚುತ್ತದೆ. ಪೆಟ್ಟಿಗೆಯಲ್ಲಿ ಮಡಚಿಟ್ಟರೂ ತಪ್ಪದು. ಕಂಪನಿಗೆ ಬರೆದರೆ, ವಾರಂಟಿ ಹೊಲಿಗೆಗೆ ಮತ್ತು ಜಿಪ್ಪಿಗೆ ಮಾತ್ರ ಎಂಬ ಉತ್ತರ. ಆ ಪುಡಿ ಲೆನ್ಸು ಕ್ಯಾಮೆರಾಕ್ಕೆ ಕೂಡುವ ಮೌಂಟಿಗೆ ಸೇರಿದರೆ ಕಷ್ಟ, ಹಾಗಾಗಿ ಕವರು ಎಸೆದೆ.

ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ನಂಬಿ ಕೂರುವವರು ನಮ್ಮಲ್ಲಿ ಬಹಳ. ಬ್ಯಾಗಿಗೆ ಗಾಳಿ ಆಡುತ್ತದೆ. ಜುಲೈಯಲ್ಲಿ ಇಲ್ಲಿನ ಹವೆಯ ಆರ್ದ್ರತೆ ಶೇ. 90ರ ಆಸುಪಾಸು. ಆ ಚಿಟಿಕೆ ಜೆಲ್ ಎಷ್ಟು ಹೊತ್ತು ತಡೆದೀತು? ಮೇಲಾಗಿ ಒದ್ದೆ ಸ್ಪಂಜು, ಬಟ್ಟೆ ತೇವ ಹಿಡಿದುಕೊಂಡು ಲೆನ್ಸಿಗೆ ಫಂಗಸ್ ತರುತ್ತವೆ. ಆಟ ಮುಗಿದ ಮೇಲೆ ನನ್ನ ಲೆನ್ಸುಗಳು ಬ್ಯಾಗಿನಲ್ಲಿ ಇರುವುದಿಲ್ಲ. ರಬ್ಬರ್ ಅಂಚಿನ ದೊಡ್ಡ ಪ್ಲಾಸ್ಟಿಕ್ ಡಬ್ಬ, ಕಾಲು ಕಿಲೋ ಕಿತ್ತಳೆ ಬಣ್ಣದ ಜೆಲ್, ಆರ್ದ್ರತೆ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರು. ಮುಳ್ಳು 40ರಿಂದ 50ರ ನಡುವೆ ನಿಂತರೆ ನೆಮ್ಮದಿ. ಹರಳು ಹಸಿರಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಆ ಬಾಣಲೆ ಅಡುಗೆಗೆ ವಾಪಸ್ ಹೋಗಬಾರದು. ದುಡ್ಡಿದ್ದವರು ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳಲಿ. ಖಾಲಿ ಬ್ಯಾಗನ್ನು ನಾನು ಬಾಯಿ ತೆರೆದು ಫ್ಯಾನಿನಡಿ ನೇತುಹಾಕುತ್ತೇನೆ.

ಮುಂಬೈ ಮದುವೆಗಳಿಗೆ ಹೋಗುವಾಗ ಇನ್ನೊಂದು ತಕರಾರು, ತೂಕ. ದೇಶದೊಳಗಿನ ವಿಮಾನದಲ್ಲಿ ಕೈಚೀಲಕ್ಕೆ 7 ಕಿಲೋ. ಇದರ ಖಾಲಿ ತೂಕವೇ ಹತ್ತಿರ ಹತ್ತಿರ ಎರಡು. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಅವೂ ಇದರಲ್ಲೇ. ಕೊನೆಗೆ 70-200 ನನ್ನ ಕುತ್ತಿಗೆಯಲ್ಲಿ. ಮುಂದಿನ ಬ್ಯಾಗು ಒಂದೂಕಾಲು ಕಿಲೋ ದಾಟಿದರೆ ಕೊಳ್ಳುವುದಿಲ್ಲ, ಜೇಬು ಎರಡು ಕಡಿಮೆಯಿದ್ದರೂ ನಡೆದೀತು.