ಐಐಎಂ ಬೆಂಗಳೂರಿನ ಎಂಬಿಎ: ಕಂಪನಿಯ ಫೈನಾನ್ಸ್ ವಿಭಾಗ ಸೇರುವವರಿಗೆ ಹೇಗೆ?

ಬನ್ನೇರುಘಟ್ಟ ರಸ್ತೆಯ ಈ ಕೋರ್ಸ್ ಎರಡು ವರ್ಷದ್ದು, ಆರು ಟರ್ಮ್. ಪ್ರವೇಶ ಪರೀಕ್ಷೆಯಾದ ಕ್ಯಾಟ್ ಅಂಕದ ಜೊತೆ ಹಿಂದಿನ ಓದು, ಸಂದರ್ಶನವೂ ಲೆಕ್ಕಕ್ಕೆ ಬರುತ್ತವೆ.

ಮೊದಲ ವರ್ಷದ ಕಡ್ಡಾಯ ವಿಷಯಗಳಲ್ಲಿ ಮಾರ್ಕೆಟಿಂಗ್, ಆಪರೇಷನ್ಸ್ ಕೆಲವರಿಗೆ ಹೊರೆ ಅನ್ನಿಸುತ್ತವೆ. ದಯವಿಟ್ಟು ಅವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರಕು ಗೋದಾಮಿನಲ್ಲಿ 60 ದಿನ, ಗ್ರಾಹಕರ ಬಾಕಿ 45 ದಿನ, ಸರಬರಾಜುದಾರರು ಕೊಡುವ ಗಡುವು 30 ದಿನ ಎಂದರೆ 75 ದಿನದ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಖರೀದಿ ಮತ್ತು ಮಾರಾಟ ವಿಭಾಗಗಳ ಕೈಯಲ್ಲಿ.

ಎರಡನೇ ವರ್ಷ ನೀವೇ ಆರಿಸಿಕೊಳ್ಳುವ ಎಲೆಕ್ಟಿವ್‌ಗಳದ್ದು. ವ್ಯಾಲ್ಯುಯೇಷನ್, ಅಂದರೆ ಕಂಪನಿಗೆ ಬೆಲೆ ಕಟ್ಟುವುದನ್ನು ಕಲಿಯುವವರು ಸಾಮಾನ್ಯವಾಗಿ ಎಡವುವುದು ಟರ್ಮಿನಲ್ ವ್ಯಾಲ್ಯೂನಲ್ಲಿ (ವರ್ಷವಾರು ಅಂದಾಜು ಮುಗಿದ ನಂತರ ಬರುವ ಎಲ್ಲ ನಗದಿನ ಮೌಲ್ಯ). ಬಂಡವಾಳದ ವೆಚ್ಚ ಶೇ 12, ಬೆಳವಣಿಗೆ ಶೇ 4 ಇದ್ದರೆ ಅದು ಮುಂದಿನ ವರ್ಷದ ನಗದಿನ 12.5 ಪಟ್ಟು, ಬೆಳವಣಿಗೆಯನ್ನು ಶೇ 6 ಮಾಡಿದರೆ ಸುಮಾರು 16.7 ಪಟ್ಟು. ಎಕ್ಸೆಲ್‌ನ ಒಂದೇ ಸೆಲ್ ತಿದ್ದಿದ್ದಕ್ಕೆ ಮೂರನೇ ಒಂದು ಭಾಗ ಉಬ್ಬಿತು!

ಜಿಎಸ್‌ಟಿ, ಟಿಡಿಎಸ್, ಶಾಸನಬದ್ಧ ಆಡಿಟ್‌ನ ಆಳ ಬೇಕಿದ್ದವರಿಗೆ ಸಿಎ ಓದೇ ಸರಿ. ಬಜೆಟ್, ಟ್ರೆಷರಿ (ಕಂಪನಿಯ ನಗದು, ಸಾಲಗಳ ನಿರ್ವಹಣೆ), ಹೂಡಿಕೆ ನಿರ್ಧಾರಗಳತ್ತ ಒಲವಿದ್ದರೆ ಈ ಎಂಬಿಎ ಒಳ್ಳೆಯ ಆಯ್ಕೆ. ಬೇಸಿಗೆ ಇಂಟರ್ನ್‌ಶಿಪ್ ಮಾತ್ರ ಬ್ಯಾಂಕಿಗಿಂತ ತಯಾರಿಕಾ ಕಂಪನಿಯ ಟ್ರೆಷರಿಯಲ್ಲಿ ಮಾಡಿ.