ಶರಾವತಿಯಲ್ಲಿ ಎರಡು ತಾಸು: ದುರ್ಗ ಮುಟ್ಟಲಿಲ್ಲ, ದುಡ್ಡು ದಂಡವಾಗಲಿಲ್ಲ

ನನ್ನ ಜೊತೆ ಡಿಪ್ಲೊಮಾ ಓದಿದ ಇಬ್ಬರು ಪುಣೆಯಿಂದ ಸಂಸಾರ ಸಮೇತ ದಾವಣಗೆರೆಗೆ ಬಂದಿದ್ದರು. ಬೆಣ್ಣೆ ದೋಸೆ ಒಂದೇ ದಿನಕ್ಕೆ ಮುಗೀತು, ಮರುದಿನ ಏನು ತೋರಿಸೋದು? ಹೊನ್ನಾವರದಲ್ಲಿ ಪ್ರೈವೇಟ್ ಬೋಟ್ ಮಾಡಿಕೊಂಡು, ಶರಾವತಿ ಹೊಳೆ ಸಮುದ್ರ ಸೇರೋ ಅಳಿವೆ ದಾಟಿ, ಸಮುದ್ರದೊಳಗಿನ ಬಸವರಾಜ ದುರ್ಗ ನೋಡಿ ಬರೋಣ ಅಂತ ಫೋನಲ್ಲೇ ಬುಕ್ ಮಾಡಿದೆ. ಎಂಟು ಜನ, ಎರಡು ತಾಸು, 4,000 ರೂಪಾಯಿ, ಅರ್ಧ ಮುಂಗಡ. ನಸುಕಿನಲ್ಲೇ ಹೊರಟೆವು. ಗೇರುಸೊಪ್ಪೆ ಘಾಟಿ ಇಳಿಯೋದರೊಳಗೆ ಇಬ್ಬರು ಮಕ್ಕಳು ವಾಂತಿ ಮಾಡಿ ಮುಗಿಸಿದ್ದರು.

ಮೊದಲ ತಕರಾರು ಏಜೆಂಟ್ ಮೇಲೆ. ಬೆಳಿಗ್ಗೆ ಹನ್ನೊಂದಕ್ಕೆ ಅಂದವನು, ನಾವು ಮುಟ್ಟಿದ ಮೇಲೆ ಮೂರಕ್ಕೆ ಬನ್ನಿ ಅಂದ. ಮಧ್ಯಾಹ್ನವೆಲ್ಲ ಹೊನ್ನಾವರದ ಹತ್ತಿರದ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ಹಾದಿ ಮೇಲೆ ಓಡಾಡಿ ಕಳೆದೆವು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ಆ ಕರಾವಳಿ ಗಾಳಿಗೆ ಅರ್ಧ ಗಂಟೆಯಲ್ಲಿ ರಬ್ಬರ್ ಆಯ್ತು.

ಬೋಟು ಫೈಬರಿನದು, ಮೇಲೆ ತಗಡಿನ ಮಾಡು. ಲೈಫ್ ಜಾಕೆಟ್ ಎಂಟೂ ಇದ್ದವು, ಆದರೆ ಎರಡಕ್ಕೆ ಬಕಲ್ ಇಲ್ಲ, ಹಗ್ಗ ಕಟ್ಟಿದ್ದರು. ಮಕ್ಕಳ ಅಳತೆಯದು ಒಂದೂ ಇಲ್ಲ. ಇದಕ್ಕೆ ನಾನು ಪೂರ್ತಿ ಮಾರ್ಕ್ಸ್ ಕಟ್ ಮಾಡ್ತೀನಿ.

ಎಂಜಿನ್ ವಿಷಯಕ್ಕೆ ಬಂದರೆ ಬೇರೆ ಮಾತು. ದಾವಣಗೆರೆ ಪಿ.ಬಿ. ರೋಡಿನಲ್ಲಿ ಇಪ್ಪತ್ತು ವರ್ಷದಿಂದ ಪಂಪ್‌ಸೆಟ್, ಡೀಸೆಲ್ ಎಂಜಿನ್ ರಿಪೇರಿ ಮಾಡ್ತಿರೋ ನನ್ನ ಕಣ್ಣು ಸುಮ್ಮನಿರುತ್ತಾ? ಬೋಟಿನ ಹಿಂದೆ ಹೊರಗೆ ತೂಗಿಹಾಕಿರೋ ಈ ಔಟ್‌ಬೋರ್ಡ್ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ಹೊಳೆ ನೀರನ್ನೇ ಎಳೆದು ತಣ್ಣಗಾಗುತ್ತೆ. ನೀರು ಓಡ್ತಿದೆ ಅನ್ನೋದಕ್ಕೆ ಪಕ್ಕದ ಸಣ್ಣ ತೂತಿನಿಂದ ಒಂದು ಧಾರೆ ಚಿಮ್ಮುತ್ತಿರಬೇಕು. ಆಳ ಕಡಿಮೆ ಇದ್ದ ಮರಳದಿಬ್ಬದ ಹತ್ತಿರ ಆ ಧಾರೆ ದಾರದಷ್ಟು ಸಣ್ಣಗಾಯ್ತು. ನಾನು ಬಾಯಿ ಬಿಡೋದರೊಳಗೆ ಬೋಟಿನವರು ಎಂಜಿನ್ ಆಫ್ ಮಾಡಿ, ಮೇಲಕ್ಕೆತ್ತಿ, ಅಂಗಿ ಜೇಬಿನಿಂದ ಒಂದು ತುಂಡು ನೈಲಾನ್ ತಂಗುಸಿ (ಗಾಳದ ದಾರ) ತೆಗೆದು ತೂತಿಗೆ ತೂರಿಸಿ ತಿರುವಿದರು. ಮರಳು ಬಂತು, ಮತ್ತೆ ಸ್ಟಾರ್ಟ್ ಮಾಡಿದಾಗ ಧಾರೆ ಬೆರಳಗಾತ್ರ. ಅವರ ಮೇಲೆ ನನಗೆ ನಂಬಿಕೆ ಬಂದಿದ್ದು ಅಲ್ಲೇ.

ಅಳಿವೆ ಹತ್ತಿರ ಬಂದಾಗ ಬೋಟು ನಿಧಾನವಾಯ್ತು. ಮುಂದೆ ಅಡ್ಡಕ್ಕೆ ಬಿಳಿ ಗೆರೆ ಎದ್ದು ಒಡೀತಿತ್ತು, ಆಚೆ ದುರ್ಗ ಕಪ್ಪಗೆ ಕಾಣ್ತಿತ್ತು.

"ಇವತ್ತು ದಾಟೂಕೆ ಆಗೂದಿಲ್ಲ ಮಾರಾಯ್ರೆ," ಅಂದರು. "ಇಳಿತದ ನೀರು ಹೊರಗೆ ಓಡ್ತದೆ, ತೆರೆ ಒಳಗೆ ಬರ್ತದೆ. ಎರಡೂ ಈ ಹೂಳಿನ ಮೇಲೆ ಗುದ್ದಾಡ್ತವೆ."

ಪುಣೆ ಗೆಳೆಯ ಸಿಟ್ಟಾದ. "ಅಣ್ಣ, ದುಡ್ಡು ಕೊಟ್ಟೀವಿ, ಅಲ್ಲೇ ಕಾಣ್ತೈತಲ್ಲ!" ನಾನೇ ಅವನ ತೋಳು ಹಿಡಿದು ಕೂರಿಸಿದೆ. ಬೆಳಿಗ್ಗೆ ಉಬ್ಬರ ಇದ್ದಾಗ ದಾಟಬಹುದಿತ್ತಂತೆ. ಉಬ್ಬರದ ಹೊತ್ತು ದಿನಾ ಮುಕ್ಕಾಲು ತಾಸು, ಐವತ್ತು ನಿಮಿಷ ಮುಂದೆ ಹೋಗ್ತಾ ಇರುತ್ತೆ. ಏಜೆಂಟನ ಡೈರಿಯಲ್ಲಿ ಮಾತ್ರ ಹನ್ನೊಂದೂ ಒಂದೇ, ಮೂರೂ ಒಂದೇ.

ಅಲ್ಲಿಂದ ಬೋಟು ತಿರುಗಿಸಿ ಹೊಳೆ ಮೇಲಕ್ಕೆ, ರೈಲು ಸೇತುವೆ ಕೆಳಗೆ ಕರೆದೊಯ್ದರು. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ ಸೇತುವೆ ಇದು, 2 ಕಿಲೋಮೀಟರಿಗೂ ಹೆಚ್ಚು. ನಾವು ಕೆಳಗಿದ್ದಾಗಲೇ ಒಂದು ಗೂಡ್ಸ್ ಗಾಡಿ ಬಂತು, ಮಕ್ಕಳು ಡಬ್ಬಿ ಎಣಿಸಿ ನಲವತ್ತಕ್ಕೆ ಕೈಬಿಟ್ಟರು. ಕಾಂಡ್ಲಾ ಬೇರುಗಳ ಸಂದಿಯಲ್ಲಿ ಎಂಜಿನ್ ನಿಲ್ಲಿಸಿದಾಗ ಕೆಸರಿನಿಂದ ಪಟಪಟ ಗುಳ್ಳೆ ಒಡೆಯೋ ಸದ್ದು ಕೇಳಿಸ್ತು. ದುರ್ಗ ಬೇಕು ಅಂದವನೇ ಅಲ್ಲಿ ಅತಿ ಹೆಚ್ಚು ಫೋಟೋ ಹೊಡೆದ.

ಇಳಿದ ಮೇಲೆ ಏಜೆಂಟ್ ಪೂರ್ತಿ ಬಾಕಿ ಕೇಳಿದ. ಬೋಟಿನವರೇ ನಡುವೆ ಬಂದು "ಐನೂರು ಬಿಡು, ದುರ್ಗ ಹೋಗ್ಲಿಲ್ಲ" ಅಂದರು. ಸಾವಿರದೈನೂರು ಕೊಟ್ಟೆ.

ಬೋಟು ನಡೆಸಿದವರಿಗೆ ಐದಕ್ಕೆ ಐದು, ಬೋಟಿಗೆ ಮೂರು, ಬುಕಿಂಗ್‌ಗೆ ಒಂದು. ಬೋಟಿನವರ ನಂಬರ್ ನೇರವಾಗಿ ಇಸಕೊಂಡಿದ್ದೀನಿ. ಬೇಸಿಗೆ ರಜೆಗೆ ನಮ್ಮ ಭಾವ ಬರ್ತಾರೆ. ಬೆಳಗಿನ ಉಬ್ಬರ ಯಾವ ದಿನ ಬರುತ್ತೆ ಅಂತ ಮೊದಲು ಕೇಳಿಕೊಂಡು ಆಮೇಲೆ ಗಾಡಿಯವನಿಗೆ ಹೇಳ್ತೀನಿ. ಮಕ್ಕಳ ಜಾಕೆಟ್ ನಾವೇ ಒಯ್ಯೋದು. ಮಂಡಕ್ಕಿ ಸುಮ್ಮನೆ ಕಟ್ಟೋದು ಬೇಡ, ಖಾರ ಹಚ್ಚಿ ಡಬ್ಬಿಯಲ್ಲಿ ಹಾಕಿ ಕೊಡ್ತೀನಿ ಅಂದಿದ್ದಾಳೆ ಮನೆಯಾಕೆ.